ಗಾಜಿಲ್ಲದ ಪಾರದರ್ಶಕತೆ

ಗಾಜಿನ ಹಲಗೆಯೊಂದನ್ನು ಚಿತ್ರದ ಮೇಲಿಟ್ಟರೂ ಚಿತ್ರವು ಕಾಣುವುದು. ಚಿತ್ರದಿಂದ ಹೊರಟ ಬೆಳಕು ಗಾಜನ್ನು ಹಾದು ನಮ್ಮ ಕಣ್ಣನ್ನು ಸೇರುವುದೇ ಇದಕ್ಕೆ ಕಾರಣವೆಂದು ಪ್ರೌಢಶಾಲೆಯ ವಿದ್ಯಾರ್ಥಿಗಳೂ ಬಲ್ಲರು. ಕಂಪ್ಯೂಟರಿನ ತೆರೆಯ ಮೇಲೂ ಚಿತ್ರದ ಮುಂದೆ ಅಕ್ಷರಗಳು ತೇಲುತ್ತಿರುವಂತೆ ತೋರುವುದುಂಟು. ಆದರೆ ಅಲ್ಲಿ ಗಾಜೂ ಇಲ್ಲ, ಹಿಂದು ಮುಂದೆಂಬ ಆಳವೂ ಇಲ್ಲ. ತೆರೆಯೆಂಬುದು ಪಿಕ್ಸೆಲ್‌ಗಳೆಂಬ ಸಣ್ಣ ಚುಕ್ಕೆಗಳ ಒಂದೇ ಪದರ. ಒಂದು ಚುಕ್ಕೆಗೆ ಒಂದು ಗಳಿಗೆಯಲ್ಲಿ ಒಂದೇ ಬಣ್ಣ. ಹೀಗಿರುವಾಗ ಒಂದರ ಹಿಂದೆ ಇನ್ನೊಂದು ಕಾಣುವುದೆಂತು? ನಮ್ಮ ಪ್ರಯೋಗಶಾಲೆಯಲ್ಲಿ ನಡೆದ ಒಂದು ಪ್ರಮಾದವು ಈ ಪ್ರಶ್ನೆಯನ್ನು ನಾವು ಗಂಭೀರವಾಗಿ ವಿಚಾರಿಸುವಂತೆ ಮಾಡಿತು.

ಸರಳ ಲೋಲಕದ ಪ್ರಯೋಗಕ್ಕಾಗಿ ನಾವೊಂದು ಸಣ್ಣ ಪ್ರೋಗ್ರಾಮನ್ನು ಬರೆದಿದ್ದೆವು. 1 ಮೀಟರ್ ಉದ್ದದ ಲೋಲಕವು ತೂಗುತ್ತಿರುವಾಗ ಸಂವೇದಕವೊಂದು ಹೊತ್ತನ್ನು ಅಳೆದು, 20 ಆಂದೋಲನಗಳ ಸರಾಸರಿ ಅವಧಿಯನ್ನು ತೆರೆಯ ಮೇಲೆ ತೋರಿಸುವುದು. ಇದಕ್ಕೆ ನಾವು ಆರಿಸಿದ್ದು ಆಟೋಇಟ್ ಎಂಬ ಸ್ಕ್ರಿಪ್ಟ್ ಭಾಷೆಯನ್ನು. ಜೊನಾಥನ್ ಬೆನೆಟ್ ಎಂಬವರು ವಿಂಡೋಸ್ ವ್ಯವಸ್ಥೆಗಾಗಿ 1999ರಲ್ಲಿ ಹೊರತಂದ ಈ ಭಾಷೆಯ ಮೂರನೆಯ ಆವೃತ್ತಿಯಲ್ಲಿ ಕಿಟಕಿ, ಗುಂಡಿ, ಲೇಬಲ್ ಮೊದಲಾದವನ್ನು ಕೆಲವೇ ಸಾಲುಗಳಲ್ಲಿ ನಿರ್ಮಿಸಬಹುದು. ಕಿಟಕಿಯ ತುಂಬ ಲೋಲಕದ ಚಿತ್ರವನ್ನು ಬಳಿದು ಅದರ ಮೇಲೆ ಅವಧಿಯ ಲೇಬಲನ್ನು ಇಟ್ಟೆವು. ಚಿತ್ರದ ನಡುವೆ ಬೂದುಬಣ್ಣದ ತೇಪೆಯೊಂದು ಮೂಡಿತು. ನೋಡಲು ಸೊಗಸಾಗಿರಲಿಲ್ಲ.

ತೇಪೆಯೇಕೆ? ವಿಂಡೋಸಿನಲ್ಲಿ ಲೇಬಲ್ಲೂ ಒಂದು ಪುಟ್ಟ ಕಿಟಕಿಯೇ. ಅದಕ್ಕೆ ತನ್ನದೇ ಆದ ಆಯತವುಂಟು. ಅಕ್ಷರ ಬರೆಯುವ ಮೊದಲು ಆ ಆಯತವನ್ನು ಅದು ಬಣ್ಣದಿಂದ ತುಂಬುವುದು. ತುಂಬುವುದಕ್ಕೂ ಮುಂಚೆ ತಾಯಿ ಕಿಟಕಿಗೆ ಒಂದು ಸಂದೇಶವನ್ನು ಕಳುಹಿಸಿ, ‘ಯಾವ ಕುಂಚದಿಂದ ಬಳಿಯಲಿ?’ ಎಂದು ಕೇಳುವುದು. ತಾಯಿ ಬೂದು ಕುಂಚವನ್ನು ಕೊಟ್ಟರೆ ಬೂದು, ಬಿಳಿಯದನ್ನು ಕೊಟ್ಟರೆ ಬಿಳಿ. ವಿಂಡೋಸಿನ ಕುಂಚಗಳಲ್ಲಿ ವಿಚಿತ್ರವಾದದ್ದೊಂದಿದೆ: ಶೂನ್ಯ ಕುಂಚ. ಎಷ್ಟು ಬಳಿದರೂ ಅದು ಏನನ್ನೂ ಬಳಿಯದು! ಅದನ್ನು ಕೊಟ್ಟು, ಅಕ್ಷರಗಳ ಸಂದಿನಲ್ಲಿಯೂ ಬಣ್ಣ ತುಂಬಬಾರದೆಂದು ವಿಧಿಸಿದರೆ ಆಯಿತು; ಮೊದಲೇ ಇದ್ದ ಚಿತ್ರವು ಹಾಗೆಯೇ ಉಳಿದು ಅಕ್ಷರಗಳಷ್ಟೇ ಅದರ ಮೇಲೆ ಬೀಳುವುವು. ಆಟೋಇಟ್‌ನಲ್ಲಿ ಇದಕ್ಕೆ ಒಂದೇ ಸಾಲು ಸಾಕು. ಲೇಬಲಿನ ಹಿನ್ನೆಲೆ ಬಣ್ಣದ ಸಂಖ್ಯೆ ಇರಬೇಕಾದಲ್ಲಿ -2 ಎಂದು ಕೊಟ್ಟರೆ ಅದು ಪಾರದರ್ಶಕವೆಂದು ಅರ್ಥ.

ನಮ್ಮ ಮನೆಯಂಗಳದ ರಂಗೋಲಿಯೂ ಹೀಗೆಯೇ ಅಲ್ಲವೆ? ಎಳೆಗಳ ನಡುವೆ ನೆಲವು ಕಾಣುವುದು ರಂಗೋಲಿ ಪುಡಿ ಪಾರದರ್ಶಕವೆಂದಲ್ಲ, ಅಲ್ಲಿ ಪುಡಿಯನ್ನೇ ಹಾಕಿಲ್ಲವೆಂದು.

ಒಂದೇ ಸಾಲಿನ ಉಪಾಯಕ್ಕೆ ತೃಪ್ತರಾಗದೆ ನಾವು, ಬಣ್ಣವನ್ನೆಲ್ಲ ನಮ್ಮ ಇಷ್ಟದಂತೆ ನಡೆಸಬೇಕೆಂಬ ಹಟದಿಂದ, ಆ ಸಂದೇಶವನ್ನೇ ನಡುವೆ ಹಿಡಿದು ಶೂನ್ಯ ಕುಂಚವನ್ನು ಒಪ್ಪಿಸಿದೆವು. ತೇಪೆ ಮಾಯವಾಯಿತು. ಕೆಲವು ದಿನಗಳ ಮೇಲೆ ವಿದ್ಯಾರ್ಥಿಯೊಬ್ಬನು ಅವಧಿ 2.08 ಸೆಕೆಂಡೆಂದು ಬರೆದು, ಅದರಿಂದ ಗುರುತ್ವದ ವೇಗೋತ್ಕರ್ಷವನ್ನು 9.12 ಎಂದು ಲೆಕ್ಕ ಹಾಕಿ ತಂದನು. ಎಚ್ಚರವಿಲ್ಲದ ಕೆಲಸವೆಂದು ನಾವು ಕೆಂಪು ಶಾಯಿಯಲ್ಲಿ ‘ಪುನಃ ಮಾಡು’ ಎಂದು ಬರೆದು ಅಂಕಗಳನ್ನೂ ಕಳೆದೆವು. ಅವನು ವಾದಿಸಲಿಲ್ಲ. ಮರುವಾರ ಎರಡು ಸಲ ಅಳೆದು, ನಮ್ಮನ್ನು ಮೇಜಿನ ಬಳಿಗೆ ಕರೆದನು: “ಸರ್, ನೀವೇ ನೋಡಿ, ಎಂಟೇ ಇದೆ.” ನೋಡಿದೆವು. ಮೊದಲ ಸಲದ 2.03ರ ಮೇಲೆ ಎರಡನೆಯ ಸಲದ 2.00 ಕುಳಿತು, ಮೂರೂ ಸೊನ್ನೆಯೂ ಕೂಡಿ ಎಂಟಾಗಿದ್ದುವು. 2.00ರಿಂದ ಲೆಕ್ಕ ಹಾಕಿದರೆ ಬರುವುದು 9.87, ಆ ಉಪಕರಣಕ್ಕೆ ಅದು ತಕ್ಕ ಉತ್ತರವೇ.

ನಿನ್ನೆಯ ರಂಗೋಲಿಯನ್ನು ಗುಡಿಸಿ ಸಾರಿಸದೆ ಅದರ ಮೇಲೆಯೇ ಇಂದಿನದನ್ನು ಹಾಕಿದರೆ ಆಗುವುದೂ ಇದೇ. ಬೂದು ಕುಂಚವು ಕುರೂಪವಾಗಿದ್ದರೂ ಪ್ರತಿ ಸಲವೂ ಹಳೆಯ ಅಂಕೆಯನ್ನು ಅಳಿಸುತ್ತಿತ್ತು. ಶೂನ್ಯ ಕುಂಚ ಅಳಿಸದು. ನಾವು ಪರೀಕ್ಷಿಸುವಾಗಲೆಲ್ಲ ಒಂದೇ ಸಲ ಅಳೆದು ಪ್ರೋಗ್ರಾಮನ್ನು ಮುಚ್ಚಿದ್ದೆವಾದ್ದರಿಂದ ದೋಷವು ಕಣ್ಣಿಗೆ ಬಿದ್ದಿರಲಿಲ್ಲ. ಕಿಟಕಿಯನ್ನು ಮಡಿಸಿ ಮತ್ತೆ ತೆರೆದರೂ ಎಲ್ಲವೂ ಹೊಸದಾಗಿ ಬಳಿಯಲ್ಪಟ್ಟು ಕುರುಹು ಅಳಿಯುತ್ತಿತ್ತು. ಪರಿಹಾರ ಕಠಿಣವಲ್ಲ: ಅಂಕೆ ಬದಲಾದೊಡನೆ ಅಷ್ಟು ಆಯತವನ್ನು ಮರಳಿ ಬಳಿಯೆಂದು ತಾಯಿ ಕಿಟಕಿಗೆ ಹೇಳಬೇಕು. ಅದು ಚಿತ್ರವನ್ನು ಬಳಿದ ಮೇಲೆ ಲೇಬಲ್ ಹೊಸ ಅಂಕೆಯನ್ನು ಬರೆಯುವುದು. ಅಂಕೆ ವೇಗವಾಗಿ ಬದಲಾದರೆ ತೆರೆ ಮಿನುಗುವುದುಂಟು. ಆಗ ಎಲ್ಲವನ್ನೂ ಸ್ಮೃತಿಯಲ್ಲಿ ಮೊದಲು ಜೋಡಿಸಿ, ಸಿದ್ಧವಾದುದನ್ನು ಒಮ್ಮೆಗೇ ತೆರೆಗೆ ತರುವರು.

ಪಾರದರ್ಶಕತೆಗೆ ಬಣ್ಣ ಬೆರೆಸುವ ಮಾರ್ಗವೂ ಒಂದಿದೆ. ಮೇಲಿನ ಬಣ್ಣ 255, ಕೆಳಗಿನದು 55 ಇದ್ದು, ಅರ್ಧರ್ಧ ಬೆರೆಸಿದರೆ 155. ಬೆರಕೆಯ ಪ್ರಮಾಣವನ್ನು ಆಲ್ಫಾ ಎನ್ನುವರು. ಎಡ್ ಕ್ಯಾಟ್‌ಮುಲ್ ಮತ್ತು ಆಲ್ವಿ ರೇ ಸ್ಮಿತ್ ಇದನ್ನು 1970ರ ದಶಕದ ಕೊನೆಯಲ್ಲಿ ಕಲ್ಪಿಸಿದರು. 1984ರಲ್ಲಿ ಪೋರ್ಟರ್ ಮತ್ತು ಡಫ್ ಇದರ ಗಣಿತವನ್ನು ವ್ಯವಸ್ಥಿತವಾಗಿ ನಿರೂಪಿಸಿದರು. ವಿಂಡೋಸ್ 2000 ಇಡೀ ಕಿಟಕಿಗೆ ಈ ಸೌಲಭ್ಯವನ್ನು ಒದಗಿಸಿತು. ಆದರೆ ಇಡೀ ಕಿಟಕಿಯನ್ನು ತೆಳುವಾಗಿಸಿದರೆ ಅಕ್ಷರಗಳೂ ಮಸುಕಾಗುವುವು. ಹಿನ್ನೆಲೆ ಮಾತ್ರ ಹೋಗಲಿ, ಅಕ್ಷರ ಇರಲಿ ಎನ್ನುವವರಿಗೆ ಇದು ಒದಗದು.

ಇನ್ನೊಂದು ಮಾತು: ಚಿತ್ರವನ್ನು ತಾಯಿ ಕಿಟಕಿಯ ಮೇಲೆ ಬಳಿಯದೆ ಪ್ರತ್ಯೇಕ ಅಂಗವಾಗಿ ಇಡುವುದಾದರೆ, ಆಟೋಇಟ್‌ನಲ್ಲಿ ಅದನ್ನು ನಿಷ್ಕ್ರಿಯಗೊಳಿಸತಕ್ಕದ್ದು. ಇಲ್ಲವಾದರೆ ಮೇಲಿನ ಗುಂಡಿಗಳಿಗೆ ಸಲ್ಲಬೇಕಾದ ಒತ್ತನ್ನು ಚಿತ್ರವೇ ನುಂಗಿಬಿಡಬಹುದು.

ಆ ವಿದ್ಯಾರ್ಥಿಯ ಅಂಕಗಳನ್ನು ಅಂದೇ ತಿದ್ದಿದೆವು. ಈಗ ನಮ್ಮ ಪ್ರೋಗ್ರಾಮಿನಲ್ಲಿ ಪ್ರಯೋಗದ ಹೆಸರು ಮಾತ್ರ ಚಿತ್ರದ ಮೇಲೆ ತೇಲುತ್ತಿದೆ. ಅವಧಿಯ ಅಂಕೆಯ ಹಿಂದೆ ಅಪ್ಪಟ ಕಪ್ಪು ಪಟ್ಟಿಯೊಂದನ್ನು ಹಾಕಿದ್ದೇವೆ.