ಮಂಡಿಯೊಳಗಿನ ಮಿಲಿಮೀಟರ್ ಲೆಕ್ಕ

ಹಿರಿಯೂರು ತಾಲ್ಲೂಕಿನ ಯಲ್ಲದಕೆರೆ ಸೀಮೆಯಲ್ಲಿ ಶೇಂಗಾ ಹೊಲದ ಕಳೆ ಕೀಳುವುದು ಕುಕ್ಕರುಗಾಲಲ್ಲಿ ಕೂತು ಮಾಡುವ ಕೆಲಸ. ಹೀಗೆ ವರ್ಷಗಟ್ಟಲೆ ಮಂಡಿ ಮಡಚಿ ದುಡಿದವರಿಗೆ ಕೀಲು ಸವೆತದ ಅಪಾಯ ಹೆಚ್ಚು. ನಮ್ಮವರಲ್ಲಿ ಸಾಮಾನ್ಯವಾಗಿ ಮೊದಲು ಸವೆಯುವುದು ಮಂಡಿಯ ಒಳಮಗ್ಗುಲು. ಅಲ್ಲಿ ಮೃದ್ವಸ್ಥಿ ತೆಳುವಾದಷ್ಟೂ ಕಾಲು ಹೊರಕ್ಕೆ ಬಾಗುತ್ತದೆ. ಬಾಗಿದಷ್ಟೂ ಭಾರ ಅಲ್ಲಿಗೇ ಬೀಳುತ್ತದೆ.

ಹೊರಮಗ್ಗುಲೂ ಒಳಗಿನ ಅಸ್ಥಿರಜ್ಜುಗಳೂ ಗಟ್ಟಿಯಾಗಿದ್ದರೆ ಇಡೀ ಮಂಡಿ ಬದಲಿಸಬೇಕಿಲ್ಲ. ಸವೆದ ಕಡೆ ಮಾತ್ರ ತೊಡೆಮೂಳೆಗೊಂದು ಲೋಹದ ಕವಚ, ಕಣಕಾಲ ಮೂಳೆಗೊಂದು ಲೋಹದ ತಟ್ಟೆ, ನಡುವೆ ಪ್ಲಾಸ್ಟಿಕ್ ಬಿಲ್ಲೆ ಇಟ್ಟರೆ ಸಾಕು. ಆ ಬಿಲ್ಲೆ ಜಾರಾಡುವ ಮಾದರಿಯನ್ನು 1970ರ ದಶಕದಲ್ಲಿ ಆಕ್ಸ್‌ಫರ್ಡ್‌ನ ಶಸ್ತ್ರವೈದ್ಯ ಜಾನ್ ಗುಡ್‌ಫೆಲೊ, ಎಂಜಿನಿಯರ್ ಜಾನ್ ಓ'ಕಾನರ್ ರೂಪಿಸಿದರು. ಗಾಯ ಚಿಕ್ಕದು, ರಜ್ಜುಗಳು ಉಳಿಯುತ್ತವೆ. ಹಾಗಾಗಿ ಚೇತರಿಕೆಯೂ ಬೇಗ. ಆದರೆ ಇದೆಲ್ಲ ಆ ತಟ್ಟೆ ಎಲ್ಲಿ, ಎಷ್ಟು ಓರೆಯಾಗಿ ಕೂತಿದೆ ಎಂಬುದರ ಮೇಲಿದೆ.

ಮೂಳೆಯ ಅಂಚು ಗಟ್ಟಿ, ಒಳಭಾಗ ಮೆತು. ತೊಲೆಗೆ ಗೋಡೆ ಆಸರೆಯಾದಂತೆ ತಟ್ಟೆಗೆ ಈ ಅಂಚಿನ ಆಸರೆ ಬೇಕು. ತಟ್ಟೆ ಚಿಕ್ಕದಾದರೆ ಮೆತು ಮೂಳೆಯೊಳಕ್ಕೆ ಕುಸಿಯಬಹುದು. ದೊಡ್ಡದಾಗಿ ಹೊರಚಾಚಿದರೆ ಪಕ್ಕದ ರಜ್ಜುವಿಗೆ ಉಜ್ಜುತ್ತದೆ. ತಟ್ಟೆ 3 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಹೊರಚಾಚಿದವರಲ್ಲಿ ನೋವು ಹೆಚ್ಚು, ಚೇತರಿಕೆ ಕಡಿಮೆ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ತಟ್ಟೆಗೆ ಹಿಂದಕ್ಕಿರುವ ಇಳಿಜಾರಿಗೂ ಮಿತಿಯುಂಟು: ಅದು 7 ಡಿಗ್ರಿ ಮೀರದಿರಲಿ ಎಂದು ಫ್ರಾನ್ಸಿನ ಶಸ್ತ್ರವೈದ್ಯರು 2004ರಲ್ಲೇ ಎಚ್ಚರಿಸಿದ್ದರು. ಇಳಿಜಾರು ಹೆಚ್ಚಾದರೆ ಮುಂಭಾಗದ ರಜ್ಜುವಿನ ಮೇಲೆ ಎಳೆತ ಬೀಳುತ್ತದೆ.

"ಆಪರೇಷನ್ ಆದಮೇಲೂ ಕಾಲು ಚೂರು ಸೊಟ್ಟಗೇ ಇದೆಯಲ್ಲ?" ಎಂದು ಕೇಳುವವರುಂಟು. ಅದು ತಪ್ಪಲ್ಲ. ದಪ್ಪ ಬಿಲ್ಲೆ ತುರುಕಿ ಕಾಲನ್ನು ಅತಿಯಾಗಿ ನೆಟ್ಟಗೆ ಮಾಡಿದರೆ ಭಾರ ಹೊರಮಗ್ಗುಲಿಗೆ ಸರಿದು, ಚೆನ್ನಾಗಿದ್ದ ಕಡೆಯೂ ಸವೆಯತೊಡಗುತ್ತದೆ. ತೀರಾ ಬಾಗಿದಂತೆಯೇ ಬಿಟ್ಟರೆ ಪ್ಲಾಸ್ಟಿಕ್ ಬೇಗ ತೇಯುತ್ತದೆ. ಹಾಗಾಗಿ ರೋಗ ಬರುವ ಮುಂಚೆ ಆ ಕಾಲಿಗೆ ಇದ್ದ ಸಹಜ ಬಾಗನ್ನು ಉಳಿಸುವುದೇ ಗುರಿ. ರೋಬೋ ನೆರವಿನಿಂದ ಯೋಜನೆಯಂತೆ ಕೂರಿಸುವುದು ಸುಲಭವಾಗಿದೆ. ಆದರೆ ಎಷ್ಟು ಡಿಗ್ರಿ ಇರಬೇಕೆಂಬ ತೀರ್ಮಾನ ವೈದ್ಯರದೇ.

ಮಂಡಿ ಇಂಪ್ಲಾಂಟ್‌ಗಳ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿತು. ಕೂರಿಸುವ ಕೈಯ ಪಳಗಿಕೆಯನ್ನು ಮಾತ್ರ ನಾವೇ ವಿಚಾರಿಸಿ ತಿಳಿಯಬೇಕು. ಇಂಥ ಭಾಗಶಃ ಶಸ್ತ್ರಚಿಕಿತ್ಸೆ ಅಪರೂಪಕ್ಕೆ ಮಾಡುವ ವೈದ್ಯರ ಕೈಯಲ್ಲಿ ಮರುಶಸ್ತ್ರಚಿಕಿತ್ಸೆಯ ಪ್ರಮಾಣ ಹೆಚ್ಚೆಂದು ಬ್ರಿಟನ್ನಿನ ದಾಖಲೆಗಳು ಹೇಳುತ್ತವೆ. ಮೊದಲು ನಿಂತ ಭಂಗಿಯಲ್ಲಿ ಎಕ್ಸ್-ರೇ ತೆಗೆಸಿ. ಮಲಗಿ ತೆಗೆಸಿದ್ದರಲ್ಲಿ ಸವೆತ ಪೂರ್ತಿ ಕಾಣದು. "ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ?", "ಮುಂದೆ ಕುಕ್ಕರುಗಾಲಲ್ಲಿ ಕೂರಬಹುದೇ?" ಎಂಬ ಎರಡು ಪ್ರಶ್ನೆಗಳನ್ನು ವೈದ್ಯರಿಗೆ ಸಂಕೋಚವಿಲ್ಲದೆ ಕೇಳಿ. ಬಿಲ್ಲೆ ಜಾರಾಡುವ ಮಾದರಿಯಲ್ಲಿ ಮಂಡಿಯನ್ನು ತೀರಾ ಮಡಚಿ ತಿರುಚಿದರೆ ಆ ಬಿಲ್ಲೆ ಜಾಗ ಬಿಡುವ ಅಪಾಯವಿದೆ. ಈ ಉತ್ತರಗಳು ಆಪರೇಷನ್‌ಗೆ ಮೊದಲೇ ಸಿಗಬೇಕು.