ನಿಲ್ಲಿಸಿ ನೋಡುವುದು

ಲಿನಕ್ಸ್‌ನಲ್ಲಿ ಓಡುತ್ತಿರುವ ಪ್ರೋಗ್ರಾಮನ್ನು ಮುಟ್ಟುವ ಮೊದಲು ಒಂದಷ್ಟು ಹೊತ್ತು ದೂರದಿಂದಲೇ ಗಮನಿಸಬೇಕು. ಪ್ರತಿ ಪ್ರೋಸೆಸ್‌ನ ಸ್ಥಿತಿಗೂ ಕರ್ನೆಲ್ ಒಂದು ಅಕ್ಷರ ತೋರಿಸುತ್ತದೆ. ಓಡುತ್ತಿದ್ದರೆ ಆರ್, ಮಲಗಿದ್ದರೆ ಎಸ್. ಸಿಗ್ನಲ್ ಕಳಿಸಿದರೂ ಏಳದ ನಿದ್ದೆಯಾದರೆ, ಸಾಮಾನ್ಯವಾಗಿ ಡಿಸ್ಕಿಗಾಗಿ ಕಾಯುವಾಗ, ಡಿ. ಸರ್ವರ್‌ಗಳು ಬಹುಪಾಲು ನಿದ್ರಾಳುಗಳೇ. ಕೋರಿಕೆ ಬಂದರೆ ದಡಕ್ಕನೆ ಎದ್ದು, ಕೆಲಸ ಮುಗಿಸಿ, ಮತ್ತೆ ಮಲಗುತ್ತವೆ. ಎಸ್ ಕಂಡ ಮಾತ್ರಕ್ಕೆ ಗಾಬರಿ ಬೇಡ. ಕೋರಿಕೆಗಳು ಸಾಲುಗಟ್ಟಿದ್ದರೂ ಏಳದಿದ್ದರೆ ಆಗ ಹತ್ತಿರ ಹೋಗಬಹುದು.

ಅದಕ್ಕಿರುವ ಹಳೆಯ ಸಲಕರಣೆ ಜಿಡಿಬಿ. ರಿಚರ್ಡ್ ಸ್ಟಾಲ್ಮನ್ 1986ರಲ್ಲಿ ಬರೆದದ್ದು. ಪ್ರೋಸೆಸ್ ಸಂಖ್ಯೆ ಕೊಟ್ಟು ಅಟ್ಯಾಚ್ ಮಾಡಿದರೆ ಥ್ರೆಡ್‌ಗಳೆಲ್ಲ ಇದ್ದಲ್ಲೇ ನಿಲ್ಲುತ್ತವೆ, ಸ್ಥಿತಿಯ ಅಕ್ಷರ ಸಣ್ಣ ಟಿ ಆಗುತ್ತದೆ. ಒಂದೊಂದರ ಬ್ಯಾಕ್‌ಟ್ರೇಸ್ ಓದುತ್ತ ಹೋಗಿ: ಎರಡು ಥ್ರೆಡ್‌ಗಳು ಒಂದೊಂದು ಲಾಕ್‌ಗಾಗಿ ಕಾದು ಕೂತಿವೆ. ಪ್ರತಿ ಲಾಕ್ ಯಾರ ಕೈಲಿದೆ? ಅದರ ಹೆಸರು ಕೊಟ್ಟು ಪ್ರಿಂಟ್ ಮಾಡಿದರೆ ಗೊತ್ತಾಗುತ್ತದೆ: ಹಿಡಿದುಕೊಂಡ ಥ್ರೆಡ್‌ನ ಸಂಖ್ಯೆಯನ್ನು ಸಿ ಲೈಬ್ರರಿಯಾದ ಜಿಲಿಬ್‌ಸಿ ಅದರೊಳಗೇ ಬರೆದಿಟ್ಟಿರುತ್ತದೆ. ಒಂದಕ್ಕೆ ಬೇಕಾದ ಲಾಕ್ ಇನ್ನೊಂದರ ಬಳಿ, ಆ ಇನ್ನೊಂದಕ್ಕೆ ಬೇಕಾದದ್ದು ಇದರ ಬಳಿ. ಎರಡೂ ಬಿಡುವುದಿಲ್ಲ. ಡೆಡ್‌ಲಾಕ್.

ಇಷ್ಟರವರೆಗೆ ನಾವು ಮೆಮೊರಿಯನ್ನು ಓದಿದ್ದೇವೆ, ಏನನ್ನೂ ಬದಲಿಸಿಲ್ಲ. ಆದರೆ ಪ್ರಿಂಟ್ ಯಾವ ಎಕ್ಸ್‌ಪ್ರೆಶನ್ ಕೊಟ್ಟರೂ ಲೆಕ್ಕ ಹಾಕುತ್ತದೆ. ‘ಕೌಂಟ್ == 5’ ಎಂದರೆ ಹೋಲಿಸಿ ಹೇಳುತ್ತದೆ; ಒಂದು ಚಿಹ್ನೆ ಬಿಟ್ಟು ‘ಕೌಂಟ್ = 5’ ಎಂದರೆ, ಎರಡನೇ ಮಾತಿಲ್ಲದೆ, ಓಡುವ ಪ್ರೋಗ್ರಾಮಿನ ಕೌಂಟನ್ನೇ ಐದು ಮಾಡಿಬಿಡುತ್ತದೆ. ಇದೇ ತಪ್ಪು ಬ್ರೇಕ್‌ಪಾಯಿಂಟಿನ ಷರತ್ತಿನಲ್ಲಿ ನುಸುಳಿದರೆ ಇನ್ನೂ ಕಿರಿಕಿರಿ: ಪ್ರೋಗ್ರಾಂ ಅಲ್ಲಿಗೆ ಬಂದಾಗಲೆಲ್ಲ ನಿಲ್ಲುತ್ತದೆ, ಪ್ರತಿಸಲವೂ ಕೌಂಟ್ ಐದೇ ಇರುತ್ತದೆ. ನೋಡುವವನಿಗೆ ತನ್ನ ಊಹೆ ನಿಜವಾಯಿತೆಂಬ ಸಂತೋಷ ಬೇರೆ!

ಫಂಕ್ಷನ್ ಕರೆಯುವುದಂತೂ ಗೂಡಿಗೆ ಕೈಹಾಕಿ ಮೊಟ್ಟೆ ಎಣಿಸಿದ ಹಾಗೆ. ಪಟ್ಟಿಯ ಉದ್ದ ಹೇಳುವ ಪುಟ್ಟ ಫಂಕ್ಷನ್ ಇದ್ದರೆ ಕರೆಯುವ ಆಸೆ ಸಹಜ. ಆದರೆ ಅದು ಓಡುವುದು ಜಿಡಿಬಿಯೊಳಗಲ್ಲ, ಆ ಪ್ರೋಗ್ರಾಮಿನೊಳಗೆ. ‘ಸ್ಕೆಡ್ಯೂಲರ್ ಲಾಕಿಂಗ್’ ಆನ್ ಮಾಡದಿದ್ದರೆ ಅಷ್ಟು ಹೊತ್ತು ಉಳಿದ ಥ್ರೆಡ್‌ಗಳೂ ಮುಂದೆ ಸಾಗುತ್ತವೆ. ಆನ್ ಮಾಡಿದರೆ, ಕರೆದ ಫಂಕ್ಷನ್‌ಗೆ ಬೇಕಾದ ಲಾಕ್ ನಿಂತಿರುವ ಥ್ರೆಡ್‌ನ ಬಳಿಯೇ ಇದ್ದು, ಕರೆಯೂ ಅಲ್ಲೇ ಸಿಕ್ಕಿಬೀಳಬಹುದು.

ಡಿಟ್ಯಾಚ್ ಮಾಡಿ ಹಿಂದೆ ಸರಿದರೂ ಕುರುಹು ಉಳಿಯುತ್ತದೆ. ಎಪೋಲ್‌ನಲ್ಲಿ ಕಾಯುತ್ತಿದ್ದ ಥ್ರೆಡ್, ನಡುವೆ ತಡೆಯಾಯಿತೆಂಬ ಎರರ್ ಹಿಡಿದು ಏಳಬಹುದು. ಅದನ್ನು ನಿರೀಕ್ಷಿಸದೆ ಬರೆದ ಪ್ರೋಗ್ರಾಂ ಲೂಪ್ ಮುರಿದು ಹೊರಬೀಳುತ್ತದೆ. ಆ ಕಡೆಯ ಗ್ರಾಹಕರು ಅಷ್ಟರಲ್ಲಿ ಟೈಮ್‌ಔಟ್ ಆಗಿ ಹೋಗಿರುತ್ತಾರೆ.

ಹಾಗಾಗಿ ನನ್ನ ಒಲವು ಜಿಕೋರ್ ಕಡೆಗೆ. ಅದೂ ಪ್ರೋಗ್ರಾಮನ್ನು ನಿಲ್ಲಿಸುತ್ತದೆ, ಆದರೆ ಮೆಮೊರಿಯ ಪ್ರತಿ ತೆಗೆಯುವಷ್ಟು ಹೊತ್ತು ಮಾತ್ರ. ಆಮೇಲೆ ಆ ಪ್ರತಿಯ ಮುಂದೆ ಬೆಳಗಿನವರೆಗೆ ಕೂತು ಬ್ಯಾಕ್‌ಟ್ರೇಸ್ ಓದಬಹುದು, ಎಷ್ಟು ಬೇಕಾದರೂ ಪ್ರಿಂಟ್ ಮಾಡಬಹುದು. ಫಂಕ್ಷನ್ ಕರೆಯಹೋದರೆ ಮಾತ್ರ ಜಿಡಿಬಿ ಒಪ್ಪುವುದಿಲ್ಲ: ಅಲ್ಲಿ ಓಡಲು ಪ್ರೋಸೆಸ್ಸೇ ಇಲ್ಲ.