ಮನುಷ್ಯರನ್ನರಿಯದ ಬೆಕ್ಕು ಮನೆಗೆ ಒಗ್ಗೀತೆ?

ಮನೆಯೊಂದರಲ್ಲಿ ಬೆಳೆದು, ಅನಂತರ ಬೀದಿಪಾಲಾದ ಬೆಕ್ಕು ಭಯ ಕಳೆದ ಮೇಲೆ ಮತ್ತೆ ಮನುಷ್ಯರ ಬಳಿಗೆ ಬರಬಲ್ಲದು; ಆದರೆ ಹುಟ್ಟಿದಂದಿನಿಂದ ಮನುಷ್ಯರ ಕೈ ಸೋಕದೆ ಹಾಳುಮನೆ, ಗೋದಾಮು, ಮೀನುಬಂದರುಗಳ ಮೂಲೆಯಲ್ಲಿ ಬೆಳೆದ, ಪ್ರಾಣಿಶಾಸ್ತ್ರಜ್ಞರು ‘ಫೆರಲ್’ ಎಂದು ಕರೆಯುವ ಬೆಕ್ಕಿಗೆ ಮನುಷ್ಯನೂ ಬೇಟೆಗಾರ ಪ್ರಾಣಿಯೇ ಆಗಿ ಕಾಣುತ್ತಾನೆ. ಕರ್ನಾಟಕದ ಕುರುಚಲು ಕಾಡು, ಕಬ್ಬಿನ ಗದ್ದೆಗಳಲ್ಲಿ ಕಾಣುವ ಕಾಡುಬೆಕ್ಕು ಇದಲ್ಲ. ಅದು ಬೇರೆಯೇ ಪ್ರಭೇದವಾಗಿದ್ದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವುದರಿಂದ ಅದರ ಮರಿಯನ್ನು ತಂದು ಸಾಕುವುದು ಅಪರಾಧವಾಗುತ್ತದೆ.

ಪಶ್ಚಿಮ ಏಷ್ಯಾದ ಮೊದಲ ಬೇಸಾಯಗಾರರ ಕಣಜಗಳಿಗೆ ಇಲಿಗಳನ್ನು ಅರಸಿ ಬಂದ ಬೆಕ್ಕು ಮನುಷ್ಯರ ನೆರೆಯಲ್ಲಿ ನೆಲೆಸಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಮನುಷ್ಯನೊಬ್ಬನ ಪಕ್ಕದಲ್ಲೇ ಹೂಳಲಾದ ಬೆಕ್ಕಿನ ಅಸ್ಥಿಪಂಜರ ದೊರೆತಿದೆ. ಇಷ್ಟು ದೀರ್ಘ ಒಡನಾಟವಿದ್ದರೂ ಮನುಷ್ಯರ ಮೇಲಿನ ನಂಬಿಕೆಯನ್ನು ಪ್ರತಿಯೊಂದು ಮರಿಯೂ ಹೊಸದಾಗಿಯೇ ಕಲಿಯಬೇಕಾಗುತ್ತದೆ. ಆ ಕಲಿಕೆಗೆ ಮಿದುಳು ತೆರೆದಿರುವ ಕಾಲವನ್ನು ‘ಸಂವೇದನಾಶೀಲ ಅವಧಿ’ ಎನ್ನುತ್ತಾರೆ. ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಐಲೀನ್ ಕಾರ್ಶ್ ನಡೆಸಿದ ಪ್ರಯೋಗಗಳ ಪ್ರಕಾರ ಅದು ಎರಡನೆಯ ವಾರದಿಂದ ಏಳನೆಯ ವಾರದವರೆಗೆ ಮಾತ್ರ. ಆಗ ದಿನವೂ ಎತ್ತಿ ಆಡಿಸಿದ ಮರಿ ಸಲುಗೆಯಿಂದ ಬೆಳೆಯುತ್ತದೆ. ತಂದೆ ಬೆಕ್ಕಿನ ಸ್ವಭಾವವೂ ಇಲ್ಲಿ ಕೆಲಸ ಮಾಡುತ್ತದೆ: ಮರಿಗಳು ಅದನ್ನು ಕಂಡೇ ಇರದಿದ್ದರೂ, ಧೈರ್ಯಶಾಲಿ ಗಂಡಿಗೆ ಹುಟ್ಟಿದವು ಹೊಸಬರನ್ನು ಬೇಗ ಒಪ್ಪುತ್ತವೆ.

ಆದ್ದರಿಂದ ಎರಡು ತಿಂಗಳೊಳಗಿನ ಮರಿಯನ್ನು ಪಳಗಿಸುವುದು ಸಾಮಾನ್ಯವಾಗಿ ಸಾಧ್ಯ. ನಾಲ್ಕು ತಿಂಗಳು ದಾಟಿದ ಮೇಲೆ ಕೆಲಸ ಬಹಳ ಕಠಿಣವಾಗುತ್ತದೆ. ಅಡಗಲು ಒಂದು ಪೆಟ್ಟಿಗೆಯಿರುವ ಚಿಕ್ಕ ಕೋಣೆಯಲ್ಲಿಟ್ಟು, ಹೊತ್ತಿಗೆ ಸರಿಯಾಗಿ ಊಟ ಕೊಟ್ಟು, ಅದು ತಿನ್ನುವಾಗ ದಿಟ್ಟಿಸದೆ ನೆಲದ ಮೇಲೆ ಕುಳಿತಿರುವುದೇ ಮೊದಲ ಪಾಠ. ಕಣ್ಣುಗಳನ್ನು ನಿಧಾನವಾಗಿ ಮುಚ್ಚಿ ತೆರೆಯುವವರ ಬಳಿಗೆ ಬೆಕ್ಕುಗಳು ಹೆಚ್ಚಾಗಿ ಬರುತ್ತವೆ ಎಂಬುದನ್ನು ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ತೋರಿಸಿದರು. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ರೇಬೀಸ್ ಲಸಿಕೆಗಾಗಿ ಕೂಡಲೇ ವೈದ್ಯರ ಬಳಿಗೆ ಹೋಗಬೇಕು.

ಬಲಿತ ಫೆರಲ್ ಬೆಕ್ಕನ್ನು ಕೋಣೆಯಲ್ಲಿ ಕೂಡಿಹಾಕುವುದು ಎಷ್ಟೇ ಅಕ್ಕರೆಯಿಂದ ಮಾಡಿದರೂ ಅದಕ್ಕೆ ಹಿಂಸೆಯೇ. ಕೆಲವು ಬೆಕ್ಕುಗಳು ವರ್ಷಗಳ ನಂತರ ಅನ್ನ ಹಾಕುವ ಒಬ್ಬರನ್ನಷ್ಟೇ ಹತ್ತಿರ ಬರಗೊಟ್ಟು, ಉಳಿದವರನ್ನು ಕಂಡೊಡನೆ ಅಡಗುತ್ತವೆ. ಇಂಥವನ್ನು ಬೋನಿನಲ್ಲಿ ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲೇ ಬಿಡುವ ಪದ್ಧತಿ ಹಲವು ದೇಶಗಳಲ್ಲಿದೆ. ಅದೇ ಬೆಕ್ಕನ್ನು ಮತ್ತೊಮ್ಮೆ ಹಿಡಿದು ಕಾಡದಿರಲೆಂದು, ಅರಿವಳಿಕೆಯಲ್ಲಿರುವಾಗಲೇ ಅದರ ಒಂದು ಕಿವಿಯ ತುದಿಯನ್ನು ತುಸು ಕತ್ತರಿಸಿ ಗುರುತು ಮಾಡಿರುತ್ತಾರೆ.